ಮೊಲಕ್ಕಿಂತ ಮೊದಲು ಅಣಬೆ ಇತ್ತು

ಮಳೆ ಹಿಡಿದು ಹದಿನೈದು ದಿನ ಆಗಿತ್ತು. ಹಿತ್ತಿಲಲ್ಲಿ ಬಿದ್ದಿರೋ ಹಲಸಿನ ದಿಮ್ಮಿ ಮೇಲೆ ಮೊನ್ನೆ ಬೆಳಿಗ್ಗೆ ನೋಡಿದರೆ ಸಾಲಾಗಿ ಪುಟ್ಟ ಪುಟ್ಟ ಕೊಡೆಗಳು. ಹಿಂದಿನ ಸಂಜೆ ಒಂದೂ ಕಂಡಿರಲಿಲ್ಲ. ಬಗ್ಗಿ ನೋಡ್ತಾ ಕೂತೆ. "ಮುಟ್ಟಬೇಡ, ವಿಷ ಇದ್ದೀತು" ಅಂತ ಒಳಗಿಂದ ಕೂಗು ಬಂತು. ಮುಟ್ಟಲಿಲ್ಲ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಹೀಗೇ ಬಗ್ಗಿ ಕೂರುತ್ತಿದ್ದ ಒಬ್ಬ ಹೆಣ್ಣುಮಗಳು ನೆನಪಾದಳು.

ಬಿಯಾಟ್ರಿಕ್ಸ್ ಪಾಟರ್. ನೀಲಿ ಕೋಟು ಹಾಕಿಕೊಂಡ ಪೀಟರ್ ಮೊಲದ ಕಥೆ ಬರೆದಾಕೆ ಅಂತ ನಿಮಗೆಲ್ಲ ಗೊತ್ತು. ಹುಟ್ಟಿದ್ದು ಲಂಡನ್ನಿನಲ್ಲಿ, 1866ರಲ್ಲಿ, ದುಡ್ಡಿದ್ದ ಮನೆಯಲ್ಲಿ. ಶಾಲೆಗೆ ಕಳಿಸಲಿಲ್ಲ, ಮನೆಗೇ ಮೇಡಂಗಳು ಬಂದು ಪಾಠ ಹೇಳಿದರು. ಬೇಸಿಗೆ ರಜೆಗೆ ಇಡೀ ಸಂಸಾರ ಸ್ಕಾಟ್ಲೆಂಡಿಗೆ ಹೋಗುತ್ತಿತ್ತು. ಅಲ್ಲಿನ ಡಂಕೆಲ್ಡ್ ಸುತ್ತಲಿನ ಕಾಡಲ್ಲಿ ಈಕೆಗೆ ಅಣಬೆಯ ಹುಚ್ಚು ಹತ್ತಿತು.

ಅಲ್ಲೊಬ್ಬ ಪೋಸ್ಟ್‌ಮ್ಯಾನ್ ಇದ್ದ, ಚಾರ್ಲ್ಸ್ ಮೆಕಿಂತಾಶ್. ಈ ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟ ಆದವನು ಇವನೇ. ಗರಗಸದ ಮಿಲ್ಲಿನಲ್ಲಿ ಎಡಗೈ ಬೆರಳು ಕಳೆದುಕೊಂಡಿದ್ದ. ಆಮೇಲೆ ಅಂಚೆಚೀಲ ಹೊತ್ತು ಊರೂರು ನಡೆದ. ನಡೆಯುವಾಗ ಹಾದಿಬದಿಯ ಪಾಚಿ, ಜರೀಗಿಡ, ಬಿದ್ದ ಮರದ ಅಣಬೆ ಎಲ್ಲವನ್ನೂ ನೋಡಿಕೊಳ್ಳುತ್ತಾ ದೊಡ್ಡ ದೊಡ್ಡ ವಿಜ್ಞಾನಿಗಳೇ ಗೌರವಿಸುವಷ್ಟು ತಿಳಿದುಕೊಂಡ. 1892ರಲ್ಲಿ ಬಿಯಾಟ್ರಿಕ್ಸ್ ಇವನಿಗೆ ತನ್ನ ಚಿತ್ರಗಳನ್ನು ತೋರಿಸಿದಳು. ಬಣ್ಣ ಚೆನ್ನಾಗಿದೆ ಅಂದು ಸುಮ್ಮನಾಗಲಿಲ್ಲ ಪುಣ್ಯಾತ್ಮ. ಅಣಬೆಯನ್ನು ಸೀಳಿ ಒಳಗಿನದ್ದೂ ಬಿಡಿಸು, ಅಡಿಯ ಪದರಗಳನ್ನು ತೋರಿಸು ಅಂತ ದಾರಿ ಹೇಳಿದ. ಆಮೇಲೆ ಅವನು ಲಂಡನ್ನಿಗೆ ಅಣಬೆಗಳನ್ನೇ ಪೋಸ್ಟ್ ಮಾಡುವುದು, ಅವಳು ಚಿತ್ರ ಬಿಡಿಸಿ ಕಳಿಸುವುದು. ಅಂಚೆಯಣ್ಣನ ಅಂಚೆ ಸ್ನೇಹ :)

ಒಂದು ತಮಾಷೆ ಗಮನಿಸಿ. 1893ರ ಸೆಪ್ಟೆಂಬರ್ 3ರಂದು ಅವಳು ಡಂಕೆಲ್ಡ್‌ನಲ್ಲಿ ಕೂತು ಪೈನ್ ಕಾಯಿಯ ಹಾಗೆ ಹೊಪ್ಪಳೆ ಹೊಪ್ಪಳೆಯಾಗಿರುವ ಒಂದು ಅಪರೂಪದ ಅಣಬೆಯ ಚಿತ್ರ ಬಿಡಿಸಿದಳು. ಮಾರನೇ ದಿನ, ಕಾಯಿಲೆ ಬಿದ್ದಿದ್ದ ಒಂದು ಮಗುವಿಗೆ ಚಿತ್ರ ಸಹಿತ ಪತ್ರ ಬರೆದಳು. ಅದೇ ಪೀಟರ್ ಮೊಲದ ಕಥೆಯ ಮೊದಲ ರೂಪ! ಅಣಬೆಗೂ ಮೊಲಕ್ಕೂ ಒಂದೇ ದಿನದ ಅಂತರ.

ಬರೀ ಚಿತ್ರ ಸಾಕಾಗಲಿಲ್ಲ ಅವಳಿಗೆ. ನಾವು ಅಣಬೆ ಅಂತ ಕರೆಯೋದು ನಿಜವಾಗಿ ಹಣ್ಣಿನಂಥದ್ದು. ಜೀವ ಇರೋದು ಮರದೊಳಗೆ ಹಬ್ಬಿರುವ ಬಿಳಿ ಎಳೆಗಳಲ್ಲಿ. ಮರವನ್ನು ಗಟ್ಟಿ ಮಾಡಿರುವ ಲಿಗ್ನಿನ್ನನ್ನೇ ಕರಗಿಸಿ ತಿನ್ನುವ ತಾಕತ್ತು ಕೆಲವಕ್ಕಿದೆ, ಇಲ್ಲದಿದ್ದರೆ ಕಾಡಿನ ತುಂಬಾ ಬಿದ್ದ ಮರಗಳು ಹಾಗೇ ರಾಶಿ ಬಿದ್ದಿರುತ್ತಿದ್ದವೇನೋ. ಕೊಡೆಯಡಿಯಿಂದ ಉದುರುವ ಪುಡಿಯಂಥ ಬೀಜಕಣ ಮೊಳೆತು ಆ ಎಳೆ ಆಗುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು. ಗಾಜಿನ ಮೇಲೆ ಕಣಗಳನ್ನು ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬಿಡಿಸಿದಳು. ಅವುಗಳಲ್ಲಿ ಒಂದು ವೆಲ್ವೆಟ್ ಶ್ಯಾಂಕ್ ಅನ್ನೋ ಅಣಬೆ, ಸತ್ತ ಮರದ ಮೇಲೆ ಚಳಿಗಾಲದಲ್ಲೇ ಅರಳುವಂಥದ್ದು. ಸೂಪರ್ ಮಾರ್ಕೆಟ್ಟಲ್ಲಿ ಉದ್ದುದ್ದ ಬಿಳಿ ದಾರದಂತೆ ಕಟ್ಟಿಟ್ಟಿರುವ ಎನೋಕಿ ನೋಡಿರ್ತೀರಲ್ಲ, ಅದರ ಹತ್ತಿರದ ನೆಂಟ.

1896ರಲ್ಲಿ, ರಸಾಯನಶಾಸ್ತ್ರಜ್ಞನಾಗಿದ್ದ, ಸೋದರತ್ತೆಯ ಗಂಡ ಸರ್ ಹೆನ್ರಿ ರೋಸ್ಕೋ ಕ್ಯೂ ಸಸ್ಯೋದ್ಯಾನಕ್ಕೆ ಕರೆದುಕೊಂಡು ಹೋದ. ನಿರ್ದೇಶಕ ಥಿಸಲ್ಟನ್-ಡೈಯರ್ ಹತ್ತಿರ ಸಿಕ್ಕಿದ್ದು ಉದಾಸೀನ. ಅದನ್ನೆಲ್ಲ ಅವಳು ಡೈರಿಯಲ್ಲಿ ಬರೆದಿಟ್ಟಳು, ಅದೂ ತಾನೇ ಕಟ್ಟಿಕೊಂಡ ಗುಪ್ತಲಿಪಿಯಲ್ಲಿ! ಆ ಲಿಪಿಯ ಗಂಟು ಬಿಚ್ಚಿದ್ದು 1958ರಲ್ಲಿ, ಲೆಸ್ಲೀ ಲಿಂಡರ್ ಎಂಬಾತ. ಕ್ಯೂನ ಜಾರ್ಜ್ ಮ್ಯಾಸೀ ಮಾತ್ರ ನಿಧಾನಕ್ಕೆ ಇವಳ ಕಡೆ ಬಂದ. 1897ರ ಏಪ್ರಿಲ್ 1ರಂದು ಲಿನಿಯನ್ ಸೊಸೈಟಿಯಲ್ಲಿ ಇವಳ ಪ್ರಬಂಧವನ್ನು ಮಂಡಿಸಿದ್ದು ಅವನೇ. ಹೆಂಗಸರಿಗೆ ಆಗ ಅಲ್ಲಿ ಸದಸ್ಯತ್ವ ಇರಲಿಲ್ಲ, ಸಿಕ್ಕಿದ್ದು 1904ರ ಕೊನೆಯಲ್ಲಿ. ಇನ್ನಷ್ಟು ಕೆಲಸ ಬೇಕು ಎಂಬ ಮಾತು ಬಂತು. ಅವಳು ಪ್ರಬಂಧ ವಾಪಸ್ ತಗೊಂಡಳು. ಅದು ಇವತ್ತಿಗೂ ಸಿಕ್ಕಿಲ್ಲ.

ಇಂಟರ್ನೆಟ್ಟಲ್ಲಿ ಈ ಕಥೆಗೆ ಸಾಕಷ್ಟು ಉಪ್ಪುಖಾರ ಬಿದ್ದಿದೆ. ಬೀಜಕಣ ಮೊಳೆಸಿದವರಲ್ಲಿ ಜಗತ್ತಿಗೇ ಇವಳು ಮೊದಲಲ್ಲ, ಜರ್ಮನಿಯ ಬ್ರೆಫೆಲ್ಡ್ ಅವಳಿಗಿಂತ ಮುಂಚೆಯೇ ಮಾಡಿದ್ದ. ಹಾಗಂತ ಅನ್ಯಾಯ ಆಗಲೇ ಇಲ್ಲ ಅನ್ನೋಕೂ ಆಗಲ್ಲ. 'ಇನ್ನಷ್ಟು ಕೆಲಸ' ಮಾಡೋಕೆ ಬೇಕಾದ ಪ್ರಯೋಗಾಲಯ, ಜೊತೆ ಕೂತು ವಾದ ಮಾಡೋ ಸ್ನೇಹಿತರು ಇವೆಲ್ಲ ಗಂಡಸರಿಗೆ ಸಲೀಸಾಗಿ ಸಿಗುತ್ತಿದ್ದವು. ಇವಳಿಗೆ ಇದ್ದದ್ದು ಮನೆಯ ರೂಮು. 1997ರಲ್ಲಿ, ಸರಿಯಾಗಿ ನೂರು ವರ್ಷದ ಮೇಲೆ, ಅವಳನ್ನು ನಡೆಸಿಕೊಂಡ ರೀತಿ ಸರಿಯಿರಲಿಲ್ಲ ಅಂತ ಸೊಸೈಟಿಯ ಕಡೆಯಿಂದಲೇ ಮಾತು ಬಂತು. ಅಷ್ಟೊತ್ತಿಗೆ ಅವಳು ತೀರಿಕೊಂಡು 54 ವರ್ಷ.

ಚಿತ್ರಗಳು ಮಾತ್ರ ಉಳಿದವು. ಆಂಬಲ್‌ಸೈಡ್ ಊರಿನ ಆರ್ಮಿಟ್ ಸಂಗ್ರಹಾಲಯಕ್ಕೆ ನೂರಾರು ಚಿತ್ರ ಬಿಟ್ಟುಹೋಗಿದ್ದಳು. 1967ರಲ್ಲಿ ಫಿಂಡ್ಲೇ ಎಂಬ ವಿಜ್ಞಾನಿ ತನ್ನ ಅಣಬೆ ಪುಸ್ತಕಕ್ಕೆ ಅವಳ 59 ಚಿತ್ರಗಳನ್ನು ಬಳಸಿಕೊಂಡ. ಅಣಬೆ ಗುರುತಿಸಲಿಕ್ಕೆ, ಅಂದಕ್ಕಲ್ಲ.

ನಮ್ಮ ಹಲಸಿನ ದಿಮ್ಮಿಯದ್ದನ್ನು ನಾನೂ ಪೆನ್ಸಿಲ್ಲಲ್ಲಿ ಬಿಡಿಸಲು ಕೂತೆ. ಕೊಡೆಗಿಂತ ಹೆಚ್ಚಾಗಿ ದೋಸೆ ಥರ ಬಂತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೋಗಿ ನೋಡಿದರೆ ಅಣಬೆಗಳು ಬಾಡಿ ಕಪ್ಪಗಾಗಿದ್ದವು.