ಕಮೋಡ್‌ನ ಸ್ಥಾನ ಮತ್ತು ಮಲದ ಪೈಪ್

ಬಚ್ಚಲುಮನೆಯ ನವೀಕರಣದಲ್ಲಿ ಕಮೋಡ್ ಎಲ್ಲಿ ಕೂರಬೇಕೆಂಬುದನ್ನು ಮನೆಯವರ ಇಷ್ಟಕ್ಕಿಂತ ಹೆಚ್ಚಾಗಿ ಮಲ ಸಾಗಿಸುವ ಪೈಪೇ ನಿರ್ಧರಿಸುತ್ತದೆ. ಎಸ್-ಟ್ರ್ಯಾಪ್ ಕಮೋಡ್‌ನ ಹೊರದಾರಿ ನೆಲದೊಳಕ್ಕೆ ಇಳಿಯುತ್ತದೆ. ಪಿ-ಟ್ರ್ಯಾಪ್‌ನದು ಹಿಂದಿನ ಗೋಡೆಯೊಳಕ್ಕೆ ಹೋಗುತ್ತದೆ.

ಎಸ್-ಟ್ರ್ಯಾಪ್‌ನಲ್ಲಿ ಗೋಡೆಯಿಂದ ನೆಲದ ರಂಧ್ರದ ನಡುಬಿಂದುವಿಗೆ ಇರುವ ಅಂತರವೇ ಮುಖ್ಯ ಅಳತೆ. ಭಾರತದ ಮಾರುಕಟ್ಟೆಯಲ್ಲಿ ಇದು ಹೆಚ್ಚಾಗಿ 9 ಅಥವಾ 12 ಇಂಚು. ಇದನ್ನು ಬರಿಯ ಇಟ್ಟಿಗೆ ಗೋಡೆಯಿಂದಲ್ಲ, ಟೈಲ್ಸ್ ಹಾಕಿದ ಮುಖದಿಂದ ಅಳೆಯಬೇಕು. ಗಾರೆ, ಟೈಲ್ಸ್ ಸೇರಿ ಒಂದಿಂಚು ನುಂಗುವುದುಂಟು. ಜೋಡಣೆ ಕೆಡುವುದು ಬಹುಪಾಲು ಇಲ್ಲಿಯೇ. ಹಾಗಾಗಿ ಕಮೋಡ್ ಆರಿಸಿದ ನಂತರವೇ ನೆಲ ಅಗೆಯುವುದು ಜಾಣತನ. ಕಮೋಡ್‌ನ ನಡುಗೆರೆಯಿಂದ ಪಕ್ಕದ ಗೋಡೆಗೆ ಸುಮಾರು 15 ಇಂಚು ಬಿಟ್ಟರೆ ಕೂರಲು ಇಕ್ಕಟ್ಟಾಗದು.

ಪೈಪಿನ ಹೊರವ್ಯಾಸ ಸಾಮಾನ್ಯವಾಗಿ 110 ಮಿ.ಮೀ. ಮೀಟರಿಗೆ ಸುಮಾರು 25 ಮಿ.ಮೀ. ಇಳಿಜಾರು ಕೊಟ್ಟರೆ ನೀರಿನೊಂದಿಗೆ ಮಲವೂ ಸರಾಗವಾಗಿ ಸಾಗುತ್ತದೆ. ಇಳಿಜಾರು ಸಾಲದಿದ್ದರೆ ಮಲ ದಾರಿಯಲ್ಲೇ ಕಟ್ಟಿಕೊಳ್ಳುತ್ತದೆ. ಕಮೋಡ್ ಮುಖ್ಯ ಪೈಪಿನಿಂದ ದೂರ ಸರಿದಷ್ಟೂ ನೆಲದಡಿ ಹೆಚ್ಚು ಆಳ ಬೇಕು. ಅಪಾರ್ಟ್‌ಮೆಂಟುಗಳಲ್ಲಿ ಸ್ಲ್ಯಾಬಿನ ತಗ್ಗು ಎಷ್ಟಿದೆಯೋ ಅಷ್ಟೇ ಅವಕಾಶ. ಮೀರಿದರೆ ನೆಲವನ್ನೇ ಎತ್ತರಿಸಬೇಕಾಗುತ್ತದೆ. ತಿರುವಿನಲ್ಲಿ ಒಂದು 90 ಡಿಗ್ರಿ ಬೆಂಡ್‌ಗಿಂತ ಎರಡು 45 ಡಿಗ್ರಿ ಬೆಂಡ್‌ಗಳು ಮೇಲು.

ಗಾಳಿ ಪೈಪ್ ಇಲ್ಲದಿದ್ದರೆ ಟ್ರ್ಯಾಪಿನಲ್ಲಿ ನಿಂತ ನೀರು ಎಳೆದುಹೋಗಿ ದುರ್ವಾಸನೆ ಒಳಬರುತ್ತದೆ. ಟೈಲ್ಸ್‌ನಿಂದ ಮುಚ್ಚುವ ಮೊದಲು ಪೈಪಿನಲ್ಲಿ ನೀರು ತುಂಬಿಸಿ ಸೋರಿಕೆ ಪರೀಕ್ಷಿಸಬೇಕು.