ಉಳಿಯ ಕಚ್ಚು: ಅಥೆನ್ಸ್‌ನ ಗೂಬೆ ನಾಣ್ಯಗಳೂ ಸಂಗ್ರಾಹಕರ ಆಯ್ಕೆಯೂ

ಕ್ರಿ.ಪೂ. 5ನೆಯ ಶತಮಾನದ ಅಥೆನ್ಸ್‌ನ ಟೆಟ್ರಾಡ್ರಾಕ್ಮ್ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತದೆ. ಮುಮ್ಮುಖದಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ. ಹಿಮ್ಮುಖದಲ್ಲಿ ಗೂಬೆ, ಆಲಿವ್ ಚಿಗುರು, ನಗರದ ಹೆಸರಿನ ಮೊದಲ ಮೂರು ಅಕ್ಷರ. ಲಾರಿಯನ್ ಗಣಿಗಳ ಬೆಳ್ಳಿಯಿಂದ ಇದನ್ನು ಅಪಾರವಾಗಿ ಟಂಕಿಸಿದ್ದರಿಂದ ಇಂದಿನ ಸಂಗ್ರಾಹಕರಿಗೂ ಇದು ದಕ್ಕುತ್ತದೆ. ಇಂಥ ಎಷ್ಟೋ ನಾಣ್ಯಗಳಲ್ಲಿ ಉಳಿಯಿಟ್ಟು ಹೊಡೆದ ಆಳವಾದ ಕಚ್ಚುಗಳಿವೆ. ಹರಾಜುಕಟ್ಟೆಯಲ್ಲಿ ಕಚ್ಚು ಬಿದ್ದ ನಾಣ್ಯದ ಬೆಲೆ ಇಳಿಯುತ್ತದೆ. ಇತಿಹಾಸಕಾರನಿಗೆ ಅದೇ ನಾಣ್ಯ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಲೇಖನದ ವಾದ.

ಕಚ್ಚು ಹಾಕುತ್ತಿದ್ದುದು ಪರೀಕ್ಷೆಗಾಗಿ. ತಾಮ್ರದ ತಿರುಳಿಗೆ ಬೆಳ್ಳಿಯ ಹೊದಿಕೆ ಕೊಟ್ಟ ಖೋಟಾ ನಾಣ್ಯಗಳು ಚಲಾವಣೆಯಲ್ಲಿದ್ದವು. ಒಳಗೇನಿದೆ ಎಂದು ನೋಡಲು ಸೀಳುವುದೇ ನೇರ ದಾರಿ. ಈ ವಿಷಯದಲ್ಲಿ ನಮಗಿರುವ ಅತ್ಯುತ್ತಮ ಆಧಾರ ಕ್ರಿ.ಪೂ. 375/4ರ ನಿಕೊಫಾನ್ ಶಾಸನ. 1970ರಲ್ಲಿ ಅಥೆನ್ಸ್‌ನ ಅಗೋರಾ ಉತ್ಖನನದಲ್ಲಿ ದೊರೆತ ಈ ಕಲ್ಲುಬರಹವನ್ನು 1974ರಲ್ಲಿ ರೊನಾಲ್ಡ್ ಸ್ಟ್ರೌಡ್ ಪ್ರಕಟಿಸಿದರು. ಅದರ ಪ್ರಕಾರ ನಾಣ್ಯ ಪರೀಕ್ಷಕ ನಗರದ ಒಡೆತನದಲ್ಲಿದ್ದ ಗುಲಾಮ. ಲೇವಾದೇವಿಯವರ ಮೇಜುಗಳ ನಡುವೆ ಕುಳಿತು, ನಮ್ಮ ಚಿನಿವಾರನಂತೆ, ಬಂದವರ ನಾಣ್ಯಗಳನ್ನು ನೋಡಿಕೊಡಬೇಕಿತ್ತು. ಒಳಗೆ ಕಂಚೋ ಸೀಸವೋ ಇದ್ದರೆ ಅಲ್ಲೇ ಕತ್ತರಿಸಬೇಕು. ಆ ತುಂಡು ದೇವಮಾತೆಗೆ ಸಲ್ಲುತ್ತದೆ. ಅವನು ಒಪ್ಪಿದ ನಾಣ್ಯವನ್ನು ನಿರಾಕರಿಸಿದ ವ್ಯಾಪಾರಿ ಆ ದಿನ ಮಾರಾಟಕ್ಕಿಟ್ಟ ಸರಕನ್ನೆಲ್ಲ ಕಳೆದುಕೊಳ್ಳುತ್ತಾನೆ. ಕರ್ತವ್ಯ ತಪ್ಪಿದ ಪರೀಕ್ಷಕನಿಗೆ 50 ಛಡಿಯೇಟು. ಹೊರಗಿನವರು ಅಥೆನ್ಸ್‌ನದೇ ಮುದ್ರೆ ಒತ್ತಿದ ಒಳ್ಳೆಯ ಬೆಳ್ಳಿಯನ್ನು ತಂದವನಿಗೇ ಹಿಂದಿರುಗಿಸಬೇಕು ಎಂಬ ಮಾತು ಚಲಾವಣೆಗೆ ಒಪ್ಪಿಗೆಯೋ ಅಲ್ಲವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಶಾಸನ ಕತ್ತರಿಸಲು ಹೇಳುವುದು ಖೋಟಾ ನಾಣ್ಯವನ್ನು. ಶುದ್ಧ ಬೆಳ್ಳಿಯ ನಾಣ್ಯದ ಮೇಲಿನ ಕಚ್ಚು ಬೇರೆಯೇ ಕಥೆ ಹೇಳುತ್ತದೆ. ಈಜಿಪ್ಟಿನಂಥ ಕಡೆಗಳಲ್ಲಿ ಗ್ರೀಕ್ ನಾಣ್ಯವನ್ನು ತೂಕದ ಲೋಹವಾಗಿಯೇ ಸ್ವೀಕರಿಸುತ್ತಿದ್ದರು; ಅಥೀನಾಳ ಮುಖಕ್ಕೆ ಅಲ್ಲಿ ಯಾವ ಭರವಸೆಯ ಬಲವೂ ಇರಲಿಲ್ಲ. 1968–69ರ ಸುಮಾರಿಗೆ ಈಜಿಪ್ಟಿನ ಅಸ್ಯೂತ್‌ನಲ್ಲಿ ಸಿಕ್ಕ ನಿಧಿಯಲ್ಲಿ ಥ್ರೇಸ್, ಏಜಿನಾ, ಕೊರಿಂಥ್, ಅಥೆನ್ಸ್, ಸೈಪ್ರಸ್‌ಗಳ ಸುಮಾರು 900 ಬೆಳ್ಳಿ ನಾಣ್ಯಗಳು ಒಟ್ಟಿಗಿದ್ದವು, ಹಲವು ಉಳಿಯೇಟು ತಿಂದಂಥವು. ನಿಧಿ ಮಾರುಕಟ್ಟೆಗೆ ಬಂದು ಚದುರಿಹೋಯಿತು. ಮಾರ್ಟಿನ್ ಪ್ರೈಸ್ ಮತ್ತು ನ್ಯಾನ್ಸಿ ವ್ಯಾಗನರ್ ಅದನ್ನು ಮತ್ತೆ ಜೋಡಿಸಿ 1975ರಲ್ಲಿ ಪ್ರಕಟಿಸಿದ್ದರಿಂದಲೇ ಅಷ್ಟು ನಗರಗಳ ನಾಣ್ಯಗಳನ್ನು ಒಂದೇ ಕಾಲಮಾನದಲ್ಲಿ ಇಟ್ಟು ನೋಡಲು ಸಾಧ್ಯವಾಗಿದೆ. ಆ ದುಡಿಮೆಯನ್ನು ನಾನು ಈ ಶಾಸ್ತ್ರದ ದೊಡ್ಡ ಸಾಧನೆಗಳಲ್ಲಿ ಎಣಿಸುತ್ತೇನೆ.

ಎಲ್ಲ ನಿಧಿಗಳಿಗೂ ಆ ಭಾಗ್ಯವಿಲ್ಲ. 1984ರಲ್ಲಿ ಟರ್ಕಿಯ ಎಲ್ಮಾಲಿ ಬಳಿ ಅಗೆದು ಕಳ್ಳಸಾಗಣೆ ಮಾಡಿದ ನಾಣ್ಯಗಳಲ್ಲಿ ಅಥೆನ್ಸ್‌ನ ಅತಿ ವಿರಳ ಡೆಕಾಡ್ರಾಕ್ಮ್‌ಗಳಿದ್ದವು. ದೀರ್ಘ ವ್ಯಾಜ್ಯದ ನಂತರ ನಿಧಿಯ ಬಹುಪಾಲು 1999ರಲ್ಲಿ ಟರ್ಕಿಗೆ ಹಿಂದಿರುಗಿತು. ಬಿಡಿಯಾಗಿ ಕೈಗೆ ಬಂದ ನಾಣ್ಯದ ಕಚ್ಚು ಎಲ್ಲಿ, ಯಾರು ಹಾಕಿದ್ದು ಎಂದು ಕೇಳಿದರೆ ನಾಣ್ಯ ಉತ್ತರಿಸಲಾರದು; ಸಿಕ್ಕ ಸ್ಥಳ, ಜೊತೆಗಿದ್ದ ನಾಣ್ಯಗಳು ಉತ್ತರಿಸಬಲ್ಲವು. ಆದುದರಿಂದ ಸಂಗ್ರಾಹಕರು ಕಾನೂನುಬದ್ಧ ಮೂಲದ ದಾಖಲೆಯಿಲ್ಲದ ನಾಣ್ಯವನ್ನು ಕೊಳ್ಳಬಾರದು. ತಮ್ಮಲ್ಲಿರುವ ನಾಣ್ಯಗಳ ವಿವರಪಟ್ಟಿಯಲ್ಲಿ ತೂಕ, ಅಚ್ಚುಗಳ ದಿಕ್ಕು ಬರೆಯುವಂತೆಯೇ ಕಚ್ಚು ಯಾವ ಬದಿಯಲ್ಲಿದೆ, ಎಷ್ಟು ಆಳವಿದೆ, ತಿರುಳಿನ ಲೋಹ ಯಾವುದು ಎಂಬುದನ್ನೂ ಬರೆದಿಡಬೇಕು.