ಗಡಿ ಸರಿದ ಊರುಗಳ ಸೇಡು: ವೀರಪ್ಪನ್ ಚಿತ್ರಗಳು ಮತ್ತು ಲೊಕ್ಕನಹಳ್ಳಿ ಸೀಮೆಯ ಇತಿಹಾಸ

ಆನೆದಂತ, ಗಂಧದ ಕಳ್ಳಸಾಗಣೆದಾರ ವೀರಪ್ಪನ್ ಇನ್ನೂ ಕಾಡಿನಲ್ಲಿ ಬದುಕಿದ್ದಾಗಲೇ, 1991ರಲ್ಲಿ, ಅವನ ಹೆಸರನ್ನೇ ಹೊತ್ತ ಕನ್ನಡ ಚಿತ್ರವೊಂದು ತೆರೆಗೆ ಬಂತು. ಮುಖ್ಯ ಪಾತ್ರ ವಹಿಸಿದ ದೇವರಾಜ್ ಅವರಿಗೆ ರಾಜ್ಯ ಪ್ರಶಸ್ತಿಯೂ ಸಿಕ್ಕಿತು. ಅದೇ ವರ್ಷ ತಮಿಳಿನಲ್ಲಿ ಆರ್.ಕೆ. ಸೆಲ್ವಮಣಿ ಅವರ ‘ಕ್ಯಾಪ್ಟನ್ ಪ್ರಭಾಕರನ್’ ಬಂತು. ಅದರಲ್ಲಿ ಮನ್ಸೂರ್ ಅಲಿ ಖಾನ್ ವೀರಭದ್ರನ್ ಎಂಬ ಹೆಸರಿನಲ್ಲಿ ಇದೇ ದಂತಚೋರನನ್ನು ಅಭಿನಯಿಸಿದರು. 2013ರಲ್ಲಿ ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’, 2016ರ ಜನವರಿ 1ರಂದು ರಾಮ್ ಗೋಪಾಲ್ ವರ್ಮ ಅವರ ‘ಕಿಲ್ಲಿಂಗ್ ವೀರಪ್ಪನ್’, 2023ರಲ್ಲಿ ಸೆಲ್ವಮಣಿ ಸೆಲ್ವರಾಜ್ ಅವರ ಸಾಕ್ಷ್ಯಚಿತ್ರ ಸರಣಿ ‘ದಿ ಹಂಟ್ ಫಾರ್ ವೀರಪ್ಪನ್’ ಬಂದವು. ಮೂರು ದಶಕಗಳಲ್ಲಿ ಒಬ್ಬನೇ ಮನುಷ್ಯನ ಮೇಲೆ ಇಷ್ಟು ಚಿತ್ರಗಳು ಬಂದಿರುವುದು ದಕ್ಷಿಣದ ಅಪರಾಧ ಚಿತ್ರಗಳಲ್ಲಿ ಅಪರೂಪ. ಆದರೂ ಈ ಚಿತ್ರಗಳನ್ನು ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಕಡೆಯಿಂದ ನೋಡುವವರಿಗೆ ಒಂದು ಕೊರತೆ ಎದ್ದು ಕಾಣುತ್ತದೆ. ಕಳ್ಳ ಇದ್ದಾನೆ, ಪೊಲೀಸ್ ಇದ್ದಾರೆ, ಕಾಡೂ ಇದೆ. ಊರುಗಳು ಮಾತ್ರ ಹಿನ್ನೆಲೆಗೆ ಸರಿದಿವೆ. ಯಾರು ಎಲ್ಲಿಂದ ಬಂದು ಈ ಸೀಮೆಯಲ್ಲಿ ನೆಲೆಸಿದರು, ಯಾರ ನೆಲ ಯಾವಾಗ ಯಾವ ಸರ್ಕಾರದ ಪಾಲಾಯಿತು ಎಂಬುದನ್ನು ಬಿಟ್ಟು ಇಲ್ಲಿನ ಸೇಡಿನ ಕಥೆ ಅರ್ಥವಾಗುವುದಿಲ್ಲ ಎಂಬುದು ಈ ಲೇಖನದ ವಾದ.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಳ್ವಿಕೆಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ ಒಳಗೆ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು. ಅಂದರೆ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ಸಣ್ಣ ದಾರಿಯಲ್ಲೇ ಸಂಸ್ಥಾನ ಮುಗಿದು ಬ್ರಿಟಿಷರ ಸೀಮೆ ಶುರುವಾಗುತ್ತಿತ್ತು. ಭಾಷಾವಾರು ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು. ಕನ್ನಡ ಮಾತಾಡುವ ತಾಳವಾಡಿ ಕಡೆಯ ಹಳ್ಳಿಗಳು ಮಾತ್ರ ಮದರಾಸಿನಲ್ಲೇ ಉಳಿದವು. ಆ ಹಳ್ಳಿಗಳಲ್ಲಿ ಒಂದು ದೊಡ್ಡ ಗಾಜನೂರು, ಡಾ. ರಾಜ್‌ಕುಮಾರ್ ಅವರ ಊರು. ಇತ್ತ ಮೈಸೂರಿಗೆ ಬಂದ ಕೊಳ್ಳೇಗಾಲದ ತೆಂಕಣ ಅಂಚಿನಲ್ಲಿ ತಮಿಳು ಮಾತಾಡುವ ಊರುಗಳಿದ್ದವು. ಅವುಗಳಲ್ಲಿ ಒಂದು ಗೋಪಿನಾಥಂ, ವೀರಪ್ಪನ್ ಹುಟ್ಟಿದ ಊರು. ಅವನು ಹುಟ್ಟಿದ್ದು 1952ರ ಜನವರಿಯಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗ ಮನೆ ಬಿಟ್ಟು ಕದಲದೆಯೇ ಅವನು ಮದರಾಸಿನವನಿಂದ ಮೈಸೂರಿನವನಾದ.

ಹಾಗಾಗಿ ಈ ಸೀಮೆಯಲ್ಲಿ ವಲಸಿಗ ಯಾರು, ಮೂಲ ನಿವಾಸಿ ಯಾರು ಎಂದು ಗೆರೆ ಎಳೆಯುವುದು ಕಷ್ಟ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆಯ ಹಿನ್ನೀರು ಕಾವೇರಿ ದಡದ ಹಳ್ಳಿಗಳನ್ನು ನುಂಗಿ ಅಲ್ಲಿನವರನ್ನು ಎತ್ತರದ ನೆಲಕ್ಕೆ ಎಬ್ಬಿಸಿತು. ಮಾರ್ಟಳ್ಳಿ ಸುತ್ತ ತಮಿಳು ಮಾತಿನ ಕ್ರೈಸ್ತ ರೈತರಿದ್ದಾರೆ. ಕಪ್ಪು ಗ್ರಾನೈಟ್ ಕ್ವಾರಿಗಳು ಹೊರಗಿನ ಕೂಲಿಗಳನ್ನು ಎಳೆದು ತಂದವು. 1974ರ ಹೊತ್ತಿಗೆ ಲೊಕ್ಕನಹಳ್ಳಿಗೆ ಹತ್ತಿರದ ಒಡೆಯರಪಾಳ್ಯದಲ್ಲಿ ಟಿಬೆಟಿನ ನಿರಾಶ್ರಿತರ ವಸಾಹತು ಎದ್ದಿತು. ಕಾಡಂಚನ್ನು ಕಡಿದು ಮೆಕ್ಕೆಜೋಳ ಬೆಳೆಯಲು ಕಲಿತ ಆ ಜನ ತಮ್ಮ ಹಳ್ಳಿಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವಾಯಿತು. ತಲೆಮಾರುಗಳಿಂದ ಪೋಡುಗಳಲ್ಲಿ ಬದುಕಿದ್ದ ಸೋಲಿಗರ ಮೇಲೆ ಕಾಡಿನ ಕಾಯಿದೆಗಳು ಒಂದೊಂದಾಗಿ ಬಿಗಿಯಾದವು. ದೂರದಿಂದ ಬಂದವರಿಗೆ ಸರ್ಕಾರ ನೆಲ ಕೊಟ್ಟ ಕಾಲ, ನೆಲದವರನ್ನು ಕಾಡಿನಿಂದ ಹೊರಗಿಟ್ಟ ಕಾಲ ಎರಡೂ ಒಂದೇ ಎಂಬುದನ್ನು ಸೋಲಿಗರ ಹಿರಿಯರು ಮರೆತಿಲ್ಲವೆಂದೇ ನಾನು ಭಾವಿಸುತ್ತೇನೆ. ಟಿಬೆಟಿಯನ್ನರ ವಿರುದ್ಧ ಅವರು ಕತ್ತಿ ಎತ್ತಲಿಲ್ಲ ಎಂಬುದೂ ಈ ಚರಿತ್ರೆಯ ಭಾಗವೇ.

ಹೊರಗಿನಿಂದ ಬಂದವನು ಒಳಗಿನವರನ್ನು ಮಣಿಸಿ ಒಡೆಯನಾಗುವ ಕಥೆ ಈ ಮಲೆಗೆ ಹೊಸದೂ ಅಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದೇಶ್ವರನ ಮಹಾಕಾವ್ಯದಲ್ಲಿ ಮಾದಪ್ಪನೇ ಉತ್ತರದೇಶದಿಂದ ಬಂದವನು. ಕುಂತೂರು, ಸುತ್ತೂರು ಮಠಗಳನ್ನು ದಾಟಿ ಏಳುಮಲೆಗೆ ಬಂದು, ಶ್ರವಣನನ್ನು ಸಂಹರಿಸಿ, ಸೋಲಿಗರ ಸಂಕಮ್ಮನನ್ನು ಕಾಯ್ದು, ಆಲಂಬಾಡಿಯ ಜುಂಜೇಗೌಡನಿಂದ ಗುಡಿ ಕಟ್ಟಿಸಿಕೊಳ್ಳುತ್ತಾನೆ. ಬಂದವನಿಗೂ ಇದ್ದವರಿಗೂ ನಡೆದ ತಿಕ್ಕಾಟ, ಕೊನೆಗೆ ಕೂಡಿಬಾಳುವ ಒಡಂಬಡಿಕೆ, ಎರಡನ್ನೂ ಕಾವ್ಯ ಹಿಡಿದಿಟ್ಟಿದೆ. ವೀರಪ್ಪನ್ ಚಿತ್ರಗಳ ನಿರ್ದೇಶಕರು ಮಾದಪ್ಪನ ಬೆಟ್ಟವನ್ನು ಚಿತ್ರೀಕರಣದ ತಾಣವೆಂದು ಕಂಡರೇ ಹೊರತು ಈ ಕಥನದ ಕಡೆ ಅವರ ಗಮನ ಹೋಗಲಿಲ್ಲ.

ಹೋಲಿಕೆಗೆ ಒಂದು ಹೊರಗಿನ ಚಿತ್ರ. ಮಾರ್ಟಿನ್ ಸ್ಕಾರ್ಸೆಸಿ 2002ರಲ್ಲಿ ತೆರೆಗೆ ತಂದ ‘ಗ್ಯಾಂಗ್ಸ್ ಆಫ್ ನ್ಯೂಯಾರ್ಕ್’ ಹರ್ಬರ್ಟ್ ಆಸ್ಬರಿಯ 1928ರ ಪುಸ್ತಕವನ್ನು ಆಧರಿಸಿದ್ದು. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಕೊಳೆಗೇರಿಯಲ್ಲಿ ತಾವೇ ನೆಲದ ಮಕ್ಕಳೆಂದು ಬೀಗುವವರಿಗೂ ಹಡಗಿಳಿದು ಬಂದ ಐರಿಷ್ ಕ್ಯಾಥೊಲಿಕರಿಗೂ ನಡೆದ ಕಾಳಗ ಅದರ ವಸ್ತು. ತಂದೆಯನ್ನು ಕೊಂದ ಕಟುಕ ಬಿಲ್ ಮೇಲೆ ಮಗ ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ. ಆದರೆ 1863ರ ಜುಲೈನಲ್ಲಿ ಕಡ್ಡಾಯ ಸೈನ್ಯಭರ್ತಿಯ ವಿರುದ್ಧ ನಗರವೇ ಹೊತ್ತಿಕೊಂಡಾಗ ಆ ಖಾಸಗಿ ಸೇಡು ಗಲಭೆಯ ಹೊಗೆಯಲ್ಲಿ ಸಣ್ಣದಾಗಿಬಿಡುತ್ತದೆ. ಇತಿಹಾಸಕ್ಕೆ ಆ ಚಿತ್ರ ಪೂರ್ತಿ ನಿಷ್ಠವಲ್ಲ: ಕಟುಕ ಬಿಲ್ ಪಾತ್ರದ ಮೂಲಪುರುಷ ವಿಲಿಯಂ ಪೂಲ್ 1855ರಲ್ಲೇ ಸತ್ತಿದ್ದ. ಆದರೂ ಅದು ಒಂದು ಕೆಲಸವನ್ನು ಸರಿಯಾಗಿ ಮಾಡಿತು. ಸೇಡನ್ನು ಒಬ್ಬನ ಎದೆಯಿಂದ ಎತ್ತಿ ಊರಿನ ಜಾತಿ, ಮತ, ವಲಸೆ, ಚುನಾವಣೆಗಳ ನಡುವೆ ಇಟ್ಟಿತು.

ನಮ್ಮ ಸೀಮೆಯಲ್ಲಿ ಸೇಡಿನ ಬುಡದಲ್ಲಿ ಇದ್ದದ್ದು ವ್ಯಾಪಾರ. ಮೈಸೂರಿನಲ್ಲಿ ಶ್ರೀಗಂಧ ಟಿಪ್ಪುವಿನ ಕಾಲದಿಂದ ರಾಜವೃಕ್ಷ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ತನ್ನ ಹೊಲದಲ್ಲೇ ಬೆಳೆದ ಗಂಧದ ಮರ ರೈತನದಾಗಲು 2001ರ ಕಾಯಿದೆ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆನೆದಂತದ ಒಳನಾಡಿನ ವಹಿವಾಟಿಗೆ 1986ರಲ್ಲಿ ನಿಷೇಧ ಬಿತ್ತು. 1989ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ತಡೆ ಬಂತು. ದಂತದ ದಾರಿ ಕಿರಿದಾದಂತೆ ವೀರಪ್ಪನ್ ಗಂಧದ ಕಡೆ ವಾಲಿದ, ಗಂಧ ಕಷ್ಟವಾದಾಗ ಕ್ವಾರಿ ಮಾಲೀಕರಿಂದ ಸುಲಿಗೆಗೆ, ಕೊನೆಗೆ ಅಪಹರಣಕ್ಕೆ ಇಳಿದ. ಕೊಳ್ಳುವವರು ಪೇಟೆಯಲ್ಲಿದ್ದರು, ಕಡಿಯುವವರು ಕಾಡಂಚಿನ ಬಡವರಾಗಿದ್ದರು. ಕೂಲಿಗೆ ಗಂಧ ಕಡಿದವನೇ ಪೊಲೀಸರ ಪಟ್ಟಿಯಲ್ಲಿ ಮೊದಲು ಸೇರಿದ.

ಸೇಡಿನ ಸರಪಳಿ ಬಿಗಿಯಾದದ್ದು 1991ರಿಂದ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲೇ ಬೀಡುಬಿಟ್ಟು, ಮಾರಿಯಮ್ಮನ ಗುಡಿ ಕಟ್ಟಿಸಿ, ಜನರ ವಿಶ್ವಾಸ ಗಳಿಸಿ, ಕಳ್ಳರನ್ನು ಶರಣಾಗಿಸುವ ದಾರಿ ಹಿಡಿದರು. 1991ರ ನವೆಂಬರ್ 10ರಂದು ಶರಣಾಗುವ ಆಸೆ ತೋರಿಸಿ ಕರೆಸಿಕೊಂಡು ವೀರಪ್ಪನ್ ಅವರನ್ನು ಕೊಂದ. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಬಂತು. ಗೋಪಿನಾಥಂನ ಜನ ಇವತ್ತಿಗೂ ಅವರನ್ನು ನೆನೆಯುತ್ತಾರೆ. ವೀರಪ್ಪನ್‌ನ ಸಹಚರ ಗುರುನಾಥನ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆದು ಐವರು ಪೊಲೀಸರು ಬಲಿಯಾದರು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಯಲ್ಲಿದ್ದ ಸಿಬ್ಬಂದಿ ಹೊಂಚುದಾಳಿಯಲ್ಲಿ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು.

ಈ ಕಾಲಾನುಕ್ರಮದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಓದಬೇಕು. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡುವಂತೆ ಮಧ್ಯಂತರ ಆದೇಶ ನೀಡಿತು. ಡಿಸೆಂಬರ್‌ನಲ್ಲಿ ಅದು ಗೆಜೆಟ್‌ನಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸಾಚಾರ ನಡೆಯಿತು. ಶ್ರೀನಿವಾಸ್ ಹತ್ಯೆಗೂ ಆ ಗಲಭೆಗೂ ನಡುವೆ ಇದ್ದದ್ದು ಒಂದು ತಿಂಗಳು. ಆಗ ಇವೆರಡಕ್ಕೂ ಏನೂ ಸಂಬಂಧವಿರಲಿಲ್ಲ. ಒಂಬತ್ತು ವರ್ಷದ ಮೇಲೆ ಸಂಬಂಧ ಹುಟ್ಟಿತು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ ವೀರಪ್ಪನ್, ಗಲಭೆಯ ಸಂತ್ರಸ್ತರಿಗೆ ಪರಿಹಾರ, ಕರ್ನಾಟಕದಲ್ಲಿ ತಮಿಳಿಗೆ ಆಡಳಿತ ಭಾಷೆಯ ಸ್ಥಾನ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣ ಎಂಬ ಬೇಡಿಕೆಗಳನ್ನು ಮುಂದಿಟ್ಟ. ತಮಿಳು ರಾಷ್ಟ್ರವಾದಿ ಗುಂಪುಗಳು ಅವನ ಜೊತೆಗೂಡಿದ್ದವು. ಕಳ್ಳಸಾಗಣೆದಾರ ಭಾಷೆಯ ವಕ್ತಾರನಾದದ್ದು ಹೀಗೆ. ಕರ್ನಾಟಕದ ನೆಲದಲ್ಲಿ ಹುಟ್ಟಿದ ತಮಿಳನೊಬ್ಬ ತಮಿಳುನಾಡಿನ ನೆಲದಲ್ಲಿ ಮನೆಯಿದ್ದ ಕನ್ನಡದ ಮೇರುನಟನನ್ನು ಅಪಹರಿಸಿದ್ದ. 1956ರ ಗಡಿರೇಖೆ ಮಾಡಿಟ್ಟ ಈ ವಿಪರ್ಯಾಸವನ್ನು ಬರೆದು ಕೊಡಬಲ್ಲ ಚಿತ್ರಕಥೆಗಾರ ನಮ್ಮಲ್ಲಿ ಇರಲಿಲ್ಲವೆ? ಕೈಗೆ ಸಿಕ್ಕಿದ್ದನ್ನು ಬಿಟ್ಟರು ಎನ್ನದೆ ವಿಧಿಯಿಲ್ಲ.

ಸೇಡಿನ ಚಿತ್ರಗಳು ಕಾಣದೆ ಹೋದ ದೊಡ್ಡ ಪ್ರಸಂಗವೂ ಇದೇ ದಿನಗಳದು. ಅಪಹೃತರ ಬಿಡುಗಡೆಗಾಗಿ ಮೈಸೂರು ಜೈಲಿನಲ್ಲಿದ್ದ ಟಾಡಾ (ಭಯೋತ್ಪಾದನೆ ತಡೆ ಕಾಯಿದೆ) ಬಂಧಿಗಳ ಮೇಲಿನ ಆರೋಪ ಕೈಬಿಡಲು ಕರ್ನಾಟಕ ಸರ್ಕಾರ ಮುಂದಾಯಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ, ತಾವೂ ನಿವೃತ್ತ ಪೊಲೀಸ್ ಅಧಿಕಾರಿ. ಇಡೀ ರಾಜ್ಯ ಅಣ್ಣಾವ್ರು ಬಂದರೆ ಸಾಕು ಎಂದು ಹರಕೆ ಹೊತ್ತಿದ್ದಾಗ, ಮಗನನ್ನು ಕಳೆದುಕೊಂಡ ಮುದುಕರೊಬ್ಬರು ಕಾನೂನು ಕೇಳಿ ನಿಂತರು. ನವೆಂಬರ್ 7ರಂದು ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಂದು ವಾರದ ಮೇಲೆ, 108 ದಿನಗಳ ಸೆರೆ ಮುಗಿದು, ರಾಜ್‌ಕುಮಾರ್ ಹೊರಬಂದರು. ಕಾಡಿನ ಸೇಡಿಗೆ ಈ ಸೀಮೆಯ ಇತಿಹಾಸದಲ್ಲಿ ಸಿಕ್ಕ ಗಟ್ಟಿ ಉತ್ತರ ಆ ಅರ್ಜಿಯೇ ಎಂದು ನನಗನ್ನಿಸುತ್ತದೆ.

ಇನ್ನು ಚಿತ್ರಗಳ ಮೌಲ್ಯಮಾಪನ. ರಾಜೀವ್ ಗಾಂಧಿ ಹಂತಕರ ಕೊನೆಯ ದಿನಗಳ ಕುರಿತು ‘ಸೈನೈಡ್’ (2006) ಮಾಡಿದ್ದ ರಮೇಶ್, ‘ಅಟ್ಟಹಾಸ’ದಲ್ಲೂ ಕಡತದ ಶಿಸ್ತನ್ನು ತಂದರು. ಕಿಶೋರ್ ಅವರ ವೀರಪ್ಪನ್ ಅಬ್ಬರವಿಲ್ಲದ, ಲೆಕ್ಕಾಚಾರದ ಮನುಷ್ಯ. ಈ ಪಾತ್ರದ ಶ್ರೇಷ್ಠ ಅಭಿನಯ ಅದೇ. ಸುರೇಶ್ ಒಬೆರಾಯ್ ರಾಜ್‌ಕುಮಾರ್ ಆಗಿ, ಅರ್ಜುನ್ ಸರ್ಜಾ ಪೊಲೀಸ್ ಅಧಿಕಾರಿ ವಿಜಯಕುಮಾರ್ ಆಗಿ ಕಾಣಿಸಿಕೊಂಡರು. ಆದರೆ ಚಿತ್ರದ ದೃಷ್ಟಿ ವೀರಪ್ಪನ್ ಬೇಟೆಗೆ ಇದ್ದ ವಿಶೇಷ ಪೊಲೀಸ್ ಕಾರ್ಯಪಡೆಯ ದೃಷ್ಟಿಯೇ. ‘ಕಿಲ್ಲಿಂಗ್ ವೀರಪ್ಪನ್’ ವರ್ಮ ಅವರ ಮೊದಲ ಕನ್ನಡ ಚಿತ್ರ. ಬೇಟೆಗೆ ಹೊರಟ ಅಧಿಕಾರಿಯಾಗಿ ನಟಿಸಿದವರು ಶಿವರಾಜ್‌ಕುಮಾರ್, ಅಪಹೃತ ರಾಜ್‌ಕುಮಾರ್ ಅವರ ಹಿರಿಯ ಮಗ. ತಂದೆಯನ್ನು ಹೊತ್ತೊಯ್ದವನನ್ನು ತೆರೆಯ ಮೇಲೆ ಮಗ ಕೊಲ್ಲುವುದನ್ನು ನೋಡಲು ಪ್ರೇಕ್ಷಕರು ನುಗ್ಗಿದರು. ಅದು ಪಾತ್ರದ ಸೇಡಲ್ಲ, ಪ್ರೇಕ್ಷಕರ ಸೇಡು. ವರ್ಮ ಅದನ್ನು ಚೆನ್ನಾಗಿಯೇ ಮಾರಿದರು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ವೀರಪ್ಪನ್ ಹತನಾಗುವಲ್ಲಿಗೆ ಕಥೆ ಮುಗಿಯುತ್ತದೆ. 2002ರಲ್ಲಿ ಕಾಮಗೆರೆಯಿಂದ ಅಪಹರಣಗೊಂಡು ಹೆಣವಾಗಿ ಸಿಕ್ಕ ಮಾಜಿ ಸಚಿವ ಎಚ್. ನಾಗಪ್ಪ ಅವರ ಸಾವು ಹನೂರಿನ ರಾಜಕೀಯವನ್ನೇ ಬದಲಿಸಿತು; ಅಂಥ ಸಂಗತಿಗೆ ಈ ಬಗೆಯ ಚಿತ್ರದಲ್ಲಿ ಜಾಗ ಸಿಗುವುದಿಲ್ಲ.

ಕೊನೆಗೆ ಊರವರ ಮಾತು. ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ಮಾದೇಶ್ವರ ಬೆಟ್ಟದ ಶಿಬಿರದಲ್ಲಿ ನಡೆದ ಚಿತ್ರಹಿಂಸೆಯ ಬಗ್ಗೆ ಸೋಲಿಗರೂ ತಮಿಳರೂ ಕನ್ನಡಿಗರೂ ಅದರ ಮುಂದೆ ಹೇಳಿಕೆ ಕೊಟ್ಟರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ನೂರಕ್ಕೂ ಹೆಚ್ಚು ಮಂದಿಯನ್ನು ಖುಲಾಸೆ ಮಾಡಿತು. ಅವರಲ್ಲಿ ಹಲವರು ಅಷ್ಟರಲ್ಲಿ ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು. ಅದೇ ಪ್ರಕರಣಗಳ ನಾಲ್ವರು ಅಪರಾಧಿಗಳಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ಮರಣದಂಡನೆ 2014ರಲ್ಲಿ ಜೀವಾವಧಿಗೆ ಇಳಿಯಿತು. 2007ರಲ್ಲಿ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಕಾಡಿನವನ ಸೇಡಿಗೂ ಖಾಕಿಯ ಸೇಡಿಗೂ ನಡುವೆ ಸಿಕ್ಕಿಕೊಂಡವರ ದನಿ ಕೇಳಿಸಬೇಕೆಂದರೆ ಚಿತ್ರಗಳನ್ನು ಬಿಟ್ಟು ಆ ಹೇಳಿಕೆಗಳನ್ನೇ ಓದಬೇಕು.

ಲೊಕ್ಕನಹಳ್ಳಿ, ರಾಮಾಪುರ, ಹನೂರು ಹೋಬಳಿಗಳಲ್ಲಿ 1956ಕ್ಕೆ ಮುಂಚಿನ ಮದರಾಸು ಸರ್ಕಾರದ ಪಟ್ಟಾ, ತಮಿಳು ಶಾಲೆಯ ದಾಖಲೆ, ಟಾಡಾ ಕಾಲದ ಕೋರ್ಟು ಕಾಗದಗಳನ್ನು ಹಳೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಮನೆಗಳವರು ಅವನ್ನು ಗೆದ್ದಲಿಗೆ ಬಿಡದೆ, ಚಾಮರಾಜನಗರ ಇಲ್ಲವೇ ಮೈಸೂರು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಒಂದೊಂದು ಪ್ರತಿ ಕೊಡಬೇಕೆಂದು ಕೋರುತ್ತೇನೆ. ಮುಂದೆ ಈ ಸೀಮೆಯ ಚಿತ್ರ ಮಾಡಹೊರಡುವವರು ಕಾರ್ಯಪಡೆಯ ಕಡತಕ್ಕೆ ಮೊದಲು ಆ ಕಾಗದಗಳನ್ನು ನೋಡಲಿ.